ಮೂರನೇ ಸಾಲಿನ ನಗು

ದೊರೆಗಳ ರಾಜ್ಯಭಾರ ನಡೆಯುತ್ತಿದ್ದುದು ಮೂರನೇ ಸಾಲಿನ ಐದನೇ ಕುರ್ಚಿಯಿಂದ. ಸಿಂಹಾಸನದ ಸ್ಪ್ರಿಂಗು ಒಂದು ಬದಿಗೆ ಕುಸಿದಿತ್ತು, ಕೈಯಿಡುವ ಜಾಗದ ರೆಕ್ಸಿನ್ ಹರಿದು ಒಳಗಿನ ಹಳದಿ ಸ್ಪಂಜು ಇಣುಕುತ್ತಿತ್ತು. ಆದರೂ ನೆತ್ತಿಯ ಮೇಲೆ, ಬೆಳ್ಗೊಡೆ ಇರಬೇಕಾದ ಕಡೆ, ಕರಿಯ ಮೈಕೊಂದು ತೂಗುತ್ತಿತ್ತು. ಅದಕ್ಕಿಂತ ಹೆಚ್ಚಿನ ವೈಭವ ಯಾವ ದೊರೆಗೆ ತಾನೆ ಬೇಕು?

ಅವರ ಕೆಲಸ ನಗುವುದು. ಟಿವಿಯಲ್ಲಿ ಪ್ರತಿ ಗುರುವಾರ ಎಂಟು ಗಂಟೆಗೆ ‘ತಾತನ ತಕರಾರು’ ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತು. ಒಬ್ಬ ಮುದುಕ, ಅವನ ಮಗ, ಸೊಸೆ. ಫ್ಯಾನು ಎಷ್ಟರಲ್ಲಿ ತಿರುಗಬೇಕು, ಬಚ್ಚಲಿನಲ್ಲಿ ಯಾರು ಎಷ್ಟು ಹೊತ್ತು ಕೂರಬೇಕು ಎಂಬ ಮಹಾಯುದ್ಧಗಳು. ಅದನ್ನು ಮಂಗಳವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಎಂಬತ್ತು ಜನ ಪ್ರೇಕ್ಷಕರನ್ನು ಕೂರಿಸಿಕೊಂಡು ಚಿತ್ರೀಕರಿಸುತ್ತಿದ್ದರು. ಪ್ರೇಕ್ಷಕರು ಪುಕ್ಕಟೆ ಪಾಸಿನವರು. ಪುಕ್ಕಟೆ ಬಂದವರಿಗೆ ನಗಲು ಸಂಕೋಚ. ಪಕ್ಕದವರು ನಕ್ಕ ಮೇಲೆ ನೋಡಿಕೊಂಡರಾಯಿತು ಎಂದು ಎಂಬತ್ತು ಜನವೂ ತುಟಿ ಬಿಗಿದು ಕೂರುತ್ತಾರೆ. ಹಳ್ಳಕ್ಕೆ ಮೊದಲು ಒಂದು ಕುರಿ ಬೀಳಬೇಕು. ಆ ಮೊದಲ ಕುರಿಯೇ ನಮ್ಮ ದೊರೆಗಳು. ಹೆಸರು ಬೇರೆ ಏನೋ ಇತ್ತು; ಸ್ಟುಡಿಯೋದವರು ‘ನಗೆದೊರೆ’ ಎಂದು ಕರೆದು, ಆಮೇಲೆ ನಗೆಯನ್ನೂ ಕತ್ತರಿಸಿ ಬರೀ ದೊರೆ ಮಾಡಿದ್ದರು.

ಕ್ಯಾಮರಾಗಳ ನಡುವೆ ನಿಂತ ಫ್ಲೋರ್ ಮ್ಯಾನೇಜರ್ ಬೆರಳೆತ್ತಿ ಅಪ್ಪಣೆ ಕೊಡುತ್ತಿದ್ದ. ಒಂದು ಬೆರಳಿಗೆ ‘ಸಣ್ಣದು’: ಮೂಗಿನಿಂದ ಹೊರಟು ಮೀಸೆಯಲ್ಲೇ ಮುಗಿಯುವಂಥದ್ದು. ಎರಡು ಬೆರಳಿಗೆ ‘ನಡುವಿನದು’: ಹೊಟ್ಟೆಯನ್ನು ಒಮ್ಮೆ ಕುಲುಕಿಸಿ ಬಿಡುವಂಥದ್ದು. ಮೂರು ಬೆರಳೆದ್ದರೆ ‘ಛಾವಣಿ’. ಅದು ಮೊದಲು ಗಂಟಲಲ್ಲಿ ಹಳೆಯ ಬಾಗಿಲಿನಂತೆ ಕಿರ್ರೆಂದು, ಆಮೇಲೆ ಮೆಟ್ಟಿಲ ಮೇಲಿಂದ ಪಾತ್ರೆಗಳ ರಾಶಿ ಉರುಳಿದಂತೆ ದಡದಡ ಇಳಿದು, ಕೊನೆಗೆ ಶಿಳ್ಳೆಯಂಥ ಒಂದು ಉದ್ದ ಉಸಿರಿನಲ್ಲಿ ನಿಲ್ಲುತ್ತಿತ್ತು. ಕೇಳಿದವರು ಜೋಕಿಗಲ್ಲ, ಆ ನಗುವಿಗೇ ನಗುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅದು ಎಷ್ಟು ಹೆಸರಾಯಿತೆಂದರೆ, ಅವರ ಮುಖ ನೋಡಿ ಗುರುತಿಸದ ತರಕಾರಿಯವನು ಕೂಡ ಅವರು ಒಮ್ಮೆ ನಕ್ಕ ಕೂಡಲೇ, ‘ಓ, ನೀವಾ’ ಎಂದು ಒಂದು ಟೊಮೆಟೊ ಜಾಸ್ತಿ ಹಾಕುತ್ತಿದ್ದ.

ಈ ವಿದ್ಯೆ ಒಲಿದದ್ದು ಲಿಫ್ಟಿನಲ್ಲಿ. ಅದಕ್ಕೂ ಮೊದಲಿನ ಮೂವತ್ತು ವರ್ಷ ಅವರು ಹನ್ನೆರಡು ಮಹಡಿಯ ಒಂದು ಕಚೇರಿಯಲ್ಲಿ ಲಿಫ್ಟ್ ನಡೆಸಿದವರು. ದೊಡ್ಡ ದೊಡ್ಡವರನ್ನು ಮೇಲೇರಿಸಿದ್ದಾರೆ, ಅಷ್ಟೇ ನಿರ್ದಾಕ್ಷಿಣ್ಯವಾಗಿ ಕೆಳಗಿಳಿಸಿದ್ದಾರೆ. ಲಿಫ್ಟಿನಲ್ಲಿ ಜನ ಜೋಕು ಶುರುಮಾಡುವುದು ನೆಲಮಹಡಿಯಲ್ಲಿ. ಅದರ ಬಾಲ ಬರುವಷ್ಟರಲ್ಲಿ ಆರನೇ ಮಹಡಿ ಬಂದು, ಹೇಳುವವರೂ ಕೇಳುವವರೂ ಇಳಿದು ಹೋಗಿರುತ್ತಾರೆ. ಮೂವತ್ತು ವರ್ಷದಲ್ಲಿ ದೊರೆಗಳು ಪೂರ್ತಿ ಕೇಳಿದ ಜೋಕು ನಾಲ್ಕೋ ಐದೋ. ಹೀಗಾಗಿ ಕೊನೆಗೆ ಕಾಯದೆ ಅಂದಾಜಿನಲ್ಲೇ ನಕ್ಕುಬಿಡುವುದು ಅಭ್ಯಾಸವಾಯಿತು. ಆಮೇಲೆ ಒಂದು ದಿನ, ಜನ ತಾವೇ ಗುಂಡಿ ಒತ್ತಿಕೊಳ್ಳುವ ಲಿಫ್ಟು ಬಂತು. ದೊರೆಗಳನ್ನು ಕೈಕುಲುಕಿ ಮನೆಗೆ ಕಳಿಸಿದರು.

ಮರುತಿಂಗಳು ದೊರೆಸಾನಿ, ಅಂದರೆ ಅವರ ಹೆಂಡತಿ, ಎಲ್ಲಿಂದಲೋ ಎರಡು ಪಾಸು ತಂದರು. ಮನೆಯಲ್ಲಿ ಕೂತು ನೊಣ ಹೊಡೆಯುವ ಗಂಡನನ್ನು ಎಲ್ಲಾದರೂ ಸಾಗಹಾಕಬೇಕಿತ್ತು, ಅಷ್ಟೆ. ಅಂದು ಸ್ಟುಡಿಯೋದಲ್ಲಿ ದೊರೆಗಳು ಜೋಕಿನ ನಡುವೆಯೇ ನಕ್ಕರು, ಸಭೆ ಬಿದ್ದು ಬಿದ್ದು ನಕ್ಕಿತು, ದೊರೆಸಾನಿಯೂ ನಕ್ಕರು. ತೊಂದರೆಯೆಂದರೆ, ನಕ್ಕರೆ ಅವರಿಗೆ ಬಿಕ್ಕಳಿಕೆ ಬರುತ್ತಿತ್ತು. ಗಂಡನ ನಗು ಮುಗಿದು ಸಭೆ ಉಸಿರೆಳೆದುಕೊಳ್ಳುವ ಸರಿಯಾದ ಹೊತ್ತಿಗೆ ಪಕ್ಕದಿಂದ ‘ಹಿಕ್’. ಅದಕ್ಕೆ ಇನ್ನೊಮ್ಮೆ ನಗು, ಇನ್ನೊಮ್ಮೆ ‘ಹಿಕ್’. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡ ಸೌಂಡಿನವನು ಹೊರಗೆ ಬಂದು ತೀರ್ಪು ಕೊಟ್ಟ: ಯಜಮಾನರು ಪ್ರತಿವಾರ ಬರಲಿ, ಅಮ್ಮ ಬರುವುದು ಬೇಡ.

ಹಾಗೆ ದೊರೆಸಾನಿ ಮನೆಯಲ್ಲೇ ಉಳಿದರು. ಒಂಬತ್ತು ವರ್ಷ ಗುರುವಾರ ಗುರುವಾರ ಟಿವಿಯ ಮುಂದೆ ಕೂತು, ನಾಟಕವನ್ನು ಬಿಟ್ಟು ಗಂಡನ ನಗುವನ್ನೇ ಕೇಳಿದರು. ಅವರ ಕಿವಿಗೆ ಮೋಸವಿಲ್ಲ. ಮುಗಿದ ಮೇಲೆ, ‘ಇವತ್ತು ಎರಡೇ ನಿಜ ರೀ, ಮಿಕ್ಕಿದ್ದೆಲ್ಲಾ ಸುಳ್ಳು’ ಎನ್ನುತ್ತಿದ್ದರು. ದೊರೆಗಳು ಮನಸ್ಸಿನಲ್ಲೇ ಎಣಿಸಿ ನೋಡಿದರೆ ಸರಿಯಾಗಿ ಎರಡೇ.

ದೊರೆಸಾನಿ ತೀರಿಕೊಂಡು ಈಗ ಎರಡು ವರ್ಷ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಕಟ್ಟಿದವರು, ಮಾವನಿಗೆ ಯಾವ ಕಾಲ ಎಂದು ಹೇಳದೆ ಹೋದರು. ಮೂರನೇ ಮಹಡಿಯ ಮನೆ, ಲಿಫ್ಟಿಲ್ಲ. ಲಿಫ್ಟಿನವರ ಮನೆಗೆ ಲಿಫ್ಟಿಲ್ಲದಿರುವುದು ದೇವರ ಜೋಕು, ಅದಕ್ಕೆ ಅವರೂ ನಕ್ಕಿರಲಿಲ್ಲ. ಮಗ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವನು. ಸೊಸೆ ಹಲ್ಲಿನ ಡಾಕ್ಟರ ಬಳಿ ಮುಂದಿನ ಕೌಂಟರಿನಲ್ಲಿ ಕೂತು ಚೀಟಿ ಬರೆಯುವವಳು. ಮೊಮ್ಮಗಳಿಗೆ ದೊಡ್ಡ ಪರೀಕ್ಷೆ ಬಂದಿದ್ದರಿಂದ ದೊರೆಗಳ ಕೋಣೆ ಅವಳ ಪಾಲಾಗಿ, ಅವರ ಹಾಸಿಗೆ ಹಾಲಿನ ಸೋಫಾಕ್ಕೆ ಬಂದಿತ್ತು. ಜೊತೆಗೆ ಎರಡು ದಿಂಬು. ಒಂದು ತಲೆಗೆ ಎರಡು ದಿಂಬೇಕೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಅಷ್ಟರ ಮಟ್ಟಿಗೆ ಒಳ್ಳೆಯ ಜನ.

ಹಾಲಿಗೆ ಬಿದ್ದದ್ದು ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಮನೆಯ ಮಾತೆಲ್ಲ ಹಾದುಹೋಗುವುದು ಅಲ್ಲೇ. ಯಾರ ಪಕ್ಕೆಲುಬು ಮುರಿಯಿತು, ಯಾರು ಅರಿವಳಿಕೆಯ ಮಬ್ಬಿನಲ್ಲಿ ಡಾಕ್ಟರ ಬೆರಳು ಕಚ್ಚಿದರು, ಮೊಮ್ಮಗಳ ಗೆಳತಿ ಯಾಕೆ ಮಾತು ಬಿಟ್ಟಳು, ಗ್ಯಾಸ್ ಆರಿಸಿದ್ದು ಯಾರು, ಆರಿಸದೆ ಬಿಟ್ಟಿದ್ದು ಯಾರು, ಎಲ್ಲವೂ ಸೋಫಾದ ಮೇಲಿಂದಲೇ ಹರಿಯುತ್ತಿತ್ತು. ದೊರೆಗಳು ಅನ್ನಕ್ಕಿಂತ ಹೆಚ್ಚಾಗಿ ಅದನ್ನೇ ಉಂಡು ಬದುಕಿದ್ದರು. ಶುಕ್ರವಾರ ಬೆಳಗ್ಗೆ ಎಲ್ಲರೂ ಏಳುವ ಮೊದಲು ಪಕ್ಕದ ದಿಂಬಿನ ಕಡೆ ಹೊರಳಿ, ‘ನಿನ್ನೆ ಒಂದೂ ನಿಜ ಇರಲಿಲ್ಲ ಕಣೇ’ ಎಂದು ವರದಿ ಒಪ್ಪಿಸುತ್ತಿದ್ದರು.

ಇತ್ತ ‘ತಾತನ ತಕರಾರಿ’ಗೂ ವಯಸ್ಸಾಗಿತ್ತು. ಹನ್ನೊಂದು ವರ್ಷ ಜಗಳವಾಡಿ ತಾತನಿಗೆ ತಕರಾರುಗಳೇ ಮುಗಿದಿದ್ದವು. ಸಂಭಾಷಣೆ ಬರೆಯುವವಳು ಮುಡಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುವ ಹುಡುಗಿ. ಎಲ್ಲರೂ ಅವಳನ್ನು ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ಒಂದು ಮಂಗಳವಾರ ಚಹಾದ ಬಿಡುವಿನಲ್ಲಿ ಅವಳು ದೊರೆಗಳ ಪಕ್ಕ ಬಂದು ಕೂತು, ಬಿಸ್ಕತ್ತಿನ ಪೊಟ್ಟಣ ಮುಂದೆ ಹಿಡಿದು, ‘ತಾತ, ಈ ವಾರ ನಿಮ್ಮನೇಲಿ ಏನೇನಾಯ್ತು?’ ಎಂದಳು.

ಎರಡು ವರ್ಷದಿಂದ ಆ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲ. ದೊರೆಗಳು ಬೊಕ್ಕಸದ ಬಾಗಿಲು ತೆರೆದರು.

ಮೊದಲು ಲೋಟದ ಕಥೆ ಹೇಳಿದರು. ಚಳಿಗಾಲದಲ್ಲಿ ಅವರಿಗೆ ಕೆಮ್ಮು ಹತ್ತಿ ಬಿಡದಾಗಿತ್ತು. ಒಂದು ದಿನ ತಾವು ಕುಡಿದ ಲೋಟವನ್ನು ತೊಳೆಯಲು ಬೋರಲು ಹಾಕಿದಾಗ ತಳದಲ್ಲಿ ಉಗುರಿನ ಬಣ್ಣದ ಕೆಂಪು ಚುಕ್ಕೆ ಕಂಡಿತು. ಮನೆಯ ಆರು ಲೋಟದಲ್ಲಿ ಅದೊಂದಕ್ಕೇ ಚುಕ್ಕೆ. ಸೊಸೆ ಗುಟ್ಟಾಗಿ ಇಟ್ಟದ್ದು. ಅಂದಿನಿಂದ ಅವರು ಕುಡಿಯುವ ಮೊದಲು ಲೋಟದ ತಳ ನೋಡಿಕೊಂಡು ಕುಡಿಯುತ್ತಿದ್ದರು, ಅವಳಿಗೆ ಮುಜುಗರವಾಗಬಾರದೆಂದು. ಪೆನ್ಸಿಲ್ ಕಣ್ಣರಳಿಸಿ ಕೇಳಿದಳು. ಹುರುಪೇರಿ, ಕೇಳದಿದ್ದರೂ ದಿಂಬಿನ ಕಥೆಯನ್ನೂ ಹೇಳಿದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು, ‘ಇದು ಬೇಡಮ್ಮ, ಇದು ಸುಮ್ನೆ ನಿನಗೆ ಹೇಳಿದ್ದು’ ಎಂದರು. ಅವಳು ತಲೆಯಾಡಿಸಿದಳು. ತಲೆ ಆಡುತ್ತಿದ್ದಾಗಲೂ ಪೆನ್ಸಿಲ್ ಓಡುತ್ತಲೇ ಇತ್ತು.

ಮುಂದಿನ ಮಂಗಳವಾರ ವೇದಿಕೆಯ ಮೇಲಿನ ಸೊಸೆ ತಾತನ ಲೋಟಕ್ಕೆ ಚುಕ್ಕೆ ಇಟ್ಟಳು, ತಟ್ಟೆಗೆ ಇಟ್ಟಳು, ಕುರ್ಚಿಗೆ ಇಟ್ಟಳು, ಕೊನೆಗೆ ತೂಕಡಿಸುತ್ತಿದ್ದ ತಾತನ ಬೋಳುತಲೆಗೇ ಒಂದು ಇಟ್ಟಳು. ಫ್ಲೋರ್ ಮ್ಯಾನೇಜರ್ ಬೆರಳೆತ್ತುವ ಮೊದಲೇ ದೊರೆಗಳಿಂದ ಛಾವಣಿ ಹೊರಟಿತು. ನಿಜವಾದದ್ದು, ಎರಡು ವರ್ಷದ ಮೇಲೆ ಬಂದ ಮೊದಲ ನಿಜವಾದದ್ದು. ಅವಮಾನವೆಂದು ಎದೆಯಲ್ಲಿ ಕಲ್ಲಾಗಿ ಕೂತಿದ್ದು ಎಂಬತ್ತು ಜನರ ನಡುವೆ ಕರಗಿ ಕಣ್ಣಲ್ಲಿ ಹರಿಯಿತು. ಈ ನಗು ಗುರುವಾರ ತಮ್ಮ ಮನೆಯ ಹಾಲಿಗೂ ಬರುತ್ತದೆ ಎಂಬ ಸಣ್ಣ ಸಂಗತಿ ಆ ಸಂಭ್ರಮದಲ್ಲಿ ಮರೆತುಹೋಗಿತ್ತು.

ಗುರುವಾರ ಬಂತು. ಮನೆಯವರೆಲ್ಲ ಸಾಲಾಗಿ ಕೂತು ನೋಡಿದರು. ಟಿವಿಯೊಳಗಿಂದ ಪಾತ್ರೆಗಳ ರಾಶಿ ಉರುಳಿತು. ಮೊಮ್ಮಗಳು ಕಿಸಕ್ಕೆಂದು, ಅಮ್ಮನ ಮುಖ ನೋಡಿ ಸುಮ್ಮನಾದಳು. ಸೊಸೆ ಎದ್ದು ಅಡಿಗೆಮನೆಗೆ ಹೋದಳು. ಉಗುರಿನ ಬಣ್ಣ ತೆಗೆಯುವ ದ್ರಾವಣದ ಘಾಟು ಹಾಲಿನವರೆಗೂ ಬಂತು. ಆಮೇಲೆ ಒಂದು ಲೋಟ ನೀರು ತಂದು ಅವರ ಮುಂದಿಟ್ಟು ಹೇಳಿದಳು: ‘ಕುಡೀರಿ ಮಾವ. ಈಗ ಎಲ್ಲಾ ಲೋಟಾನೂ ಒಂದೇ.’

ಕಥೆ ಅಷ್ಟಕ್ಕೇ ನಿಲ್ಲಲಿಲ್ಲ. ಮರುದಿನ ಹಲ್ಲಿನ ಆಸ್ಪತ್ರೆಯಲ್ಲಿ, ಬಾಯಿತುಂಬ ಹತ್ತಿ ತುರುಕಿಸಿಕೊಂಡ ಹೆಂಗಸೊಬ್ಬಳು ಆ ಕಷ್ಟದಲ್ಲೂ ಕೆಂಪು ಚುಕ್ಕೆಯ ಮಾತೆತ್ತಿದಳು. ನಗು ಯಾರ ಮಾವನದೆಂದು ಊರಿಗೇ ಗೊತ್ತು. ಮುದುಕ ಅಷ್ಟು ನಕ್ಕಿದ್ದಾನೆಂದರೆ ಅದು ಅವನ ಮನೆಯದೇ ಎಂದು ಲೆಕ್ಕ ಹಾಕಲು ದೊಡ್ಡ ಬುದ್ಧಿ ಬೇಡ. ಸೊಸೆ ಮನೆಗೆ ಬಂದು ಚೀಲವನ್ನೂ ಇಳಿಸದೆ ನಿಂತಳು.

‘ಮಗೂಗೆ ಪರೀಕ್ಷೆ ಹತ್ರ ಬಂದಿತ್ತು, ಕೆಮ್ಮು ಹತ್ತಿದ್ರೆ ಕಷ್ಟ ಅಂತ ಮಾಡಿದ್ದು ಮಾವ. ನನ್ನನ್ನೇ ಒಂದು ಮಾತು ಕೇಳ್ಬಹುದಿತ್ತು. ಊರಿಗೆಲ್ಲಾ ಹೇಳಿ ನಕ್ರಲ್ಲ.’

ಮಗ ಹೆಚ್ಚು ಮಾತಿನವನಲ್ಲ. ದಿನವಿಡೀ ಜನಕ್ಕೆ ಉಸಿರು ಬಿಗಿಹಿಡಿಯಿರಿ, ಈಗ ಬಿಡಿ ಎಂದು ಹೇಳಿ ಹೇಳಿ ಮನೆಯಲ್ಲೂ ಹಾಗೇ ಮಾತಾಡುತ್ತಿದ್ದ. ಅಂದು ಮಾತ್ರ ಸೋಫಾದ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ.

‘ನೋಡಪ್ಪ, ಹೇಳಿದ್ದಕ್ಕಲ್ಲ ನನಗೆ ಬೇಜಾರು, ನಕ್ಕಿದ್ದಕ್ಕೆ. ಇನ್ನೊಂದ್ಸಲ ನಮ್ಮನೆ ವಿಷಯಕ್ಕೆ ಆ ಪೆಟ್ಟಿಗೇಲಿ ನಿನ್ನ ನಗು ಕೇಳಿಸ್ತು ಅಂದ್ರೆ, ಈ ಮನೇಲಿ ಯಾರೂ ನಿನ್ನ ಮುಂದೆ ಬಾಯಿ ಬಿಡಲ್ಲ. ಊಟ ಹಾಕ್ತೀವಿ, ಔಷಧಿ ಕೊಡ್ತೀವಿ. ಮಾತು ಮಾತ್ರ ಇಲ್ಲ.’

ಮನೆಯಿಂದ ಹೊರಗೆ ಹಾಕುತ್ತೇನೆ ಎಂದಿದ್ದರೆ ದೊರೆಗಳು ಅಷ್ಟು ಹೆದರುತ್ತಿರಲಿಲ್ಲ. ಆ ಕ್ಷಣವೇ ಭೀಷ್ಮಪ್ರತಿಜ್ಞೆ ಮಾಡಿದರು: ಇನ್ನು ಮನೆಯ ವಿಷಯ ಆಡುವುದಿಲ್ಲ, ಅಕಸ್ಮಾತ್ ವೇದಿಕೆಯ ಮೇಲೆ ಬಂದರೂ ನಗುವುದಿಲ್ಲ.

ಪ್ರತಿಜ್ಞೆಗೆ ಪರೀಕ್ಷೆ ಬರಲು ನಾಲ್ಕೇ ದಿನ ಸಾಕಾಯಿತು. ಮಂಗಳವಾರ ಪರದೆ ಸರಿದರೆ ವೇದಿಕೆಯ ಮೇಲೆ ಒಂದು ಸೋಫಾ, ಅದರ ಮೇಲೆ ಎರಡು ದಿಂಬು. ಟಿವಿಯ ತಾತ ಒಂದು ದಿಂಬಿಗೆ ಮಫ್ಲರು ಸುತ್ತಿ, ಕನ್ನಡಕ ಹಾಕಿ, ‘ಎದ್ದೆಯೇನೇ?’ ಎಂದ. ದಿಂಬು ದೊಪ್ಪೆಂದು ನೆಲಕ್ಕೆ ಬಿತ್ತು. ‘ಈಗಲೂ ಕೋಪಾನಾ?’ ಎಂದ. ಎಂಬತ್ತು ಜನರ ಗಂಟಲಿನಲ್ಲಿ ನಗು ಬಂದು, ಮೊದಲ ಕುರಿಗಾಗಿ ಕಾದು ನಿಂತಿತು. ಫ್ಲೋರ್ ಮ್ಯಾನೇಜರ್ ಮೂರು ಬೆರಳೆತ್ತಿದ.

ದೊರೆಗಳು ನಗಲಿಲ್ಲ. ಎರಡೂ ಕೈಯಿಂದ ಕುರ್ಚಿಯ ಹಳದಿ ಸ್ಪಂಜನ್ನು ಹಿಡಿದುಕೊಂಡು, ರಣರಂಗದಲ್ಲಿ ಬೇರೂರಿದ ಯೋಧನಂತೆ ಕೂತರು. ಇನ್ನೊಮ್ಮೆ ಚಿತ್ರೀಕರಿಸಿದರು, ದಿಂಬು ಇನ್ನೊಮ್ಮೆ ಬಿತ್ತು, ಮೂರು ಬೆರಳು ಎದ್ದು ಎದ್ದು ಸೋತವು. ಮೂರನೇ ಸಲವೂ ಸಭೆ ಸ್ಮಶಾನ. ಹಿಂದಿನ ಸಾಲಿನಲ್ಲಿ ಯಾರೋ ಸೀನಿದ್ದು ಮಾತ್ರ ಮೈಕಿಗೆ ಸಿಕ್ಕಿತು. ದೊರೆಗಳ ಕೈಯಲ್ಲಿ ಒಂದು ಹಿಡಿ ಸ್ಪಂಜು ಕಿತ್ತು ಬಂದಿತ್ತು.

ಕೊನೆಗೆ ಸೌಂಡಿನವನು ಅವರನ್ನು ತನ್ನ ಗಾಜಿನ ಕೋಣೆಗೆ ಕರೆದ. ಬೈಯಲಿಲ್ಲ, ಕೂರಿಸಿ ಕಂಪ್ಯೂಟರು ತೋರಿಸಿದ. ಪರದೆಯ ತುಂಬ ಸಾಲುಸಾಲು: ಸಣ್ಣದು ಇಷ್ಟು, ನಡುವಿನದು ಇಷ್ಟು, ಛಾವಣಿ ಇಷ್ಟು. ಹನ್ನೊಂದು ವರ್ಷದ ನಗುವನ್ನೆಲ್ಲ ಒಂದೊಂದಾಗಿ ಕತ್ತರಿಸಿ ಜೋಡಿಸಿಟ್ಟಿದ್ದ. ಒಂದು ಗುಂಡಿ ಒತ್ತಿದ; ಖಾಲಿ ಕೋಣೆಯಲ್ಲಿ ದೊರೆಗಳು ದಡದಡ ನಕ್ಕರು. ಕುರ್ಚಿಯಲ್ಲಿ ಕೂತ ದೊರೆಗಳು ಬಾಯಿ ಮುಚ್ಚಿಕೊಂಡು ಕೇಳಿದರು.

‘ಬೇಜಾರ್ ಮಾಡ್ಕೋಬೇಡಿ ಯಜಮಾನ್ರೇ, ನಿಮಗೂ ವಯಸ್ಸಾಯ್ತು. ಇನ್ನು ಬರೋ ತೊಂದರೆ ತಗೋಬೇಡಿ. ನೀವು ಹೋದ್ಮೇಲೂ ನೂರು ವರ್ಷ ನಗ್ತೀರಿ.’

ಹೀಗೆ ದೊರೆಗಳು ಎರಡನೇ ಸಲ ಒಂದು ಗುಂಡಿಗೆ ರಾಜ್ಯ ಒಪ್ಪಿಸಿ ಹೊರಬಿದ್ದರು. ಆದರೆ ಮೂರು ಮಹಡಿ ಹತ್ತುವಾಗ ಅವರಿಗೆ ಏದುಸಿರಿಗಿಂತ ಹೆಮ್ಮೆಯೇ ಹೆಚ್ಚಾಗಿತ್ತು. ರಾಜ್ಯ ಹೋದರೂ ಮಾತು ಉಳಿಯಿತಲ್ಲ. ಬಾಗಿಲು ತೆರೆದ ಮಗನಿಗೆ, ‘ಇವತ್ತು ನಾನು ನಗಲಿಲ್ಲ ಕಣೋ’ ಎಂದರು. ಮಗ, ‘ಸರಿಯಪ್ಪ, ಕೈಕಾಲು ತೊಳ್ಕೊ’ ಎಂದ. ಅವತ್ತು ಊಟದ ಹೊತ್ತಿಗೆ ಸೊಸೆ, ಇಬ್ಬರು ಮುದುಕರ ಹಲ್ಲುಸೆಟ್ಟು ಅದಲುಬದಲಾಗಿ ಒಬ್ಬರ ನಗು ಇನ್ನೊಬ್ಬರ ಮನೆಗೆ ಹೋದ ಕಥೆಯನ್ನು ಕೈಬಾಯಿ ತಿರುಗಿಸಿ ಹೇಳಿದಳು. ಬುಧವಾರ ಕಿಟಕಿಯ ಪರದೆಗೆ ಯಾವ ಬಣ್ಣ ಒಪ್ಪುತ್ತದೆ ಮಾವ ಎಂದು ಅವರನ್ನೇ ಕೇಳಿದಳು. ದೊರೆಗಳು ನೀಲಿ ಎಂದರು. ನೀಲಿಯೇ ಆಗಲಿ ಎಂದಳು.

ಗುಂಡಿ ಒತ್ತಿದರೆ ಲಿಫ್ಟು ಏರುತ್ತದೆ. ಒಳಗೆ ಲಿಫ್ಟಿನವನು ಇದ್ದಾನೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಇಷ್ಟು ಸಾಮಾನ್ಯ ಜ್ಞಾನ, ಮೂವತ್ತು ವರ್ಷ ಲಿಫ್ಟಿನಲ್ಲಿ ಕಳೆದವರಿಗೆ ಹೊಳೆಯಬೇಕಿತ್ತು.

ಗುರುವಾರ ಎಂಟು ಗಂಟೆಗೆ ದಿಂಬು ಮಫ್ಲರು ಸುತ್ತಿಕೊಂಡು ಬಂತು. ಸೊಸೆಯ ಕೈ ಬಾಯಿಗೆ ಹೋಯಿತು. ದೊರೆಗಳು ಮಗನ ಕಡೆ ತಿರುಗಿ, ನೋಡು, ಈಗ ನಿಶ್ಶಬ್ದ ಬರುತ್ತದೆ ಎಂಬಂತೆ ಕೈಯೆತ್ತಿದರು. ದಿಂಬು ದೊಪ್ಪೆಂದಿತು. ಟಿವಿಯೊಳಗೆ ಹಳೆಯ ಬಾಗಿಲು ಕಿರ್ರೆಂದಿತು, ಪಾತ್ರೆಗಳೆಲ್ಲ ಮೆಟ್ಟಿಲಿಳಿದವು, ಉದ್ದನೆಯ ಉಸಿರು ಶಿಳ್ಳೆ ಹಾಕಿತು. ಅದರ ಬಾಲದಲ್ಲಿ, ಸಭೆಯ ನಗು ಏಳುವ ಮೊದಲಿನ ಸಣ್ಣ ಸಂದಿಯಲ್ಲಿ, ಯಾರೋ ಬೆರಳಿನಿಂದ ಲೋಟಕ್ಕೆ ಕುಟ್ಟಿದಷ್ಟು ಮೆಲ್ಲಗೆ ಕೇಳಿಸಿತು: ‘ಹಿಕ್’.

ಅದು ಮೊದಲ ದಿನದ ನಗು. ಪಕ್ಕದಲ್ಲಿ ಅವಳಿದ್ದ ದಿನದ್ದು.

ದೊರೆಗಳು ಎತ್ತಿದ ಕೈಯನ್ನು ಇಳಿಸಲಿಲ್ಲ. ಮಗ ಎದ್ದು ನಿಂತಿದ್ದ.

‘ಅಮ್ಮನ ದಿಂಬಿಗೂ ನಕ್ಕೆಯಲ್ಲಪ್ಪ’ ಎಂದ.

‘ಅದು ನಾನಲ್ಲ ಕಣೋ. ಅದು ಹಳೇದು. ಕೊನೇಲಿ ಕೇಳಿಸ್ಕೊಂಡ್ಯಾ? ಅದರಲ್ಲಿ ನಿಮ್ಮಮ್ಮ ಇದಾಳೆ. ಬಿಕ್ಕಳಿಕೆ ಬಂತಲ್ಲ, ಕೇಳಿಸ್ಲಿಲ್ವಾ?’

ಯಾರಿಗೂ ಕೇಳಿಸಿರಲಿಲ್ಲ. ಟಿವಿಗೆ ಹೇಳಿದ್ದನ್ನು ಇನ್ನೊಮ್ಮೆ ಹೇಳುವ ಸೌಜನ್ಯವಿಲ್ಲ. ಅದಾಗಲೇ ಸೋಪಿನ ಜಾಹೀರಾತಿಗೆ ಹೋಗಿತ್ತು. ಯಾವ ನಗು ನಿಜ, ಯಾವುದು ಸುಳ್ಳು ಎಂದು ಕೇಳಿದ ಕೂಡಲೇ ಹೇಳಬಲ್ಲ ಸಾಕ್ಷಿ ಲೋಕದಲ್ಲಿ ಒಬ್ಬಳೇ ಇದ್ದಳು. ಆ ಸಾಕ್ಷಿಯೇ ಈಗ ದಿಂಬಾಗಿ ನೆಲಕ್ಕೆ ಬಿದ್ದು ಎಲ್ಲರನ್ನೂ ನಗಿಸಿದ್ದಳು. ಮಗ ಅಪ್ಪನ ಮುಖವನ್ನು ಎಕ್ಸ್‌ರೇ ಹಾಳೆಯಂತೆ ದಿಟ್ಟಿಸಿ ಕೋಣೆಗೆ ಹೋದ. ಮಾತು ನಿಲ್ಲುವುದು ಅಲ್ಲಿಂದಲೇ ಶುರುವಾಯಿತು.

ದೊರೆಗಳು ಕೈಕಟ್ಟಿ ಕೂರಲಿಲ್ಲ. ಮರುದಿನವೇ ಸ್ಟುಡಿಯೋಗೆ ಹೋಗಿ, ಪಾಸಿಲ್ಲದ್ದರಿಂದ ಗೇಟಿನಲ್ಲೇ ನಿಂತು, ಸೌಂಡಿನವನಿಗೆ ಹೇಳಿಕಳಿಸಿದರು. ಅವನು ಹೆಡ್‌ಫೋನು ಕೊರಳಿಗೆ ಹಾಕಿಕೊಂಡೇ ಬಂದ. ಆ ನಗುವಿನ ಕೊನೆಯಲ್ಲಿ ಒಂದು ಬಿಕ್ಕಳಿಕೆ ಇದೆ, ಅದು… ಎಂದು ಇವರು ಮಾತು ಶುರುಮಾಡಿದರೋ ಇಲ್ಲವೋ, ಅವನು ಹಣೆ ಚಚ್ಚಿಕೊಂಡ.

‘ಅಯ್ಯೋ, ಕೇಳಿಸಿಬಿಡ್ತಾ? ಎಲ್ಲಾ ತೆಗೆದಿದ್ದೆ ಅಂದ್ಕೊಂಡಿದ್ದೆ ಯಜಮಾನ್ರೇ, ಅದೊಂದು ಉಳಿದುಹೋಗಿದೆ. ಹೇಳಿದ್ದು ಒಳ್ಳೇದಾಯ್ತು. ಈಗಲೇ ಹೋಗಿ ಕತ್ತರಿಸ್ತೀನಿ.’

ದೊರೆಗಳು ಬೇಡ ಎನ್ನುವಷ್ಟರಲ್ಲಿ ಅವನು ಅರ್ಧ ಅಂಗಳ ದಾಟಿದ್ದ. ಹನ್ನೊಂದು ವರ್ಷದಲ್ಲಿ ಅವನು ಅಷ್ಟು ಬೇಗ ನಡೆದದ್ದನ್ನು ಅವರು ನೋಡಿರಲಿಲ್ಲ.

ಆ ವಾರವೇ ಟಿವಿ ಹಾಲಿನಿಂದ ಮಗಸೊಸೆಯ ಕೋಣೆಗೆ ಹೋಯಿತು. ಮಾತೂ ಅದರ ಹಿಂದೆಯೇ ಹೋಯಿತು. ಮಗ ಮಾತಿಗೆ ತಪ್ಪುವವನಲ್ಲ: ಊಟ ಬರುತ್ತದೆ, ಬಿಸಿಯಾಗಿಯೇ ಬರುತ್ತದೆ, ಮಾತ್ರೆ ಬರುತ್ತದೆ, ಆರು ಲೋಟಗಳಲ್ಲಿ ಯಾವುದೋ ಒಂದರಲ್ಲಿ ನೀರು ಬರುತ್ತದೆ. ಹಾಲಿಗೆ ಕಾಲಿಟ್ಟರೆ ಅರ್ಧ ವಾಕ್ಯದಲ್ಲಿದ್ದವರೂ ಬಾಯಿ ಮುಚ್ಚುತ್ತಾರೆ, ಆರನೇ ಮಹಡಿ ಬಂದವರಂತೆ. ಕಿಟಕಿಗೆ ನೀಲಿ ಪರದೆ ಬಂದು ನೇತಾಡುತ್ತಿದೆ. ಅದನ್ನು ಯಾರು ಆರಿಸಿದ್ದು ಎಂದು ಮನೆಯಲ್ಲಿ ಯಾರೂ ಆಡುವುದಿಲ್ಲ.

ದೊರೆಗಳಿಗೆ ಒಂದೇ ಒಂದು ಆಸೆ ಉಳಿದಿದೆ. ಸೌಂಡಿನವನು ಹುಟ್ಟು ಸೋಮಾರಿ. ಕತ್ತರಿಸುತ್ತೇನೆಂದು ಹೋದವನು ದಾರಿಯಲ್ಲಿ ಚಹಾ ಸಿಕ್ಕಿ ಮರೆತಿರಬಹುದು. ಹಾಗಾಗಿ ಗುರುವಾರ ಎಂಟಕ್ಕೆ ಅವರು ಸೋಫಾದಿಂದೆದ್ದು, ಗೋಡೆ ಹಿಡಿದುಕೊಂಡು ನಡೆದು, ಮುಚ್ಚಿದ ಕೋಣೆಯ ಬಾಗಿಲಿಗೆ ಕಿವಿಯಿಡುತ್ತಾರೆ. ಒಳಗೆ ತಾತ ತಕರಾರು ಮಾಡುತ್ತಾನೆ, ಜನ ನಗುತ್ತಾರೆ, ಜನಕ್ಕಿಂತ ಮೊದಲು ಇವರು ನಗುತ್ತಾರೆ. ಪಾತ್ರೆಗಳು ಉರುಳುವುದು ಬಾಗಿಲ ಈಚೆಗೂ ಚೆನ್ನಾಗಿ ಕೇಳುತ್ತದೆ. ಆಮೇಲಿನದಕ್ಕೆ ಅವರು ಉಸಿರು ಬಿಗಿಹಿಡಿದು ಕಾಯುತ್ತಾರೆ.

ಬಾಗಿಲ ಕೆಳಗಿನ ಸಂದಿಯಲ್ಲಿ ಎರಡು ಪಾದದ ನೆರಳು ಕಂಡು ಸೊಸೆ ಒಳಗೆ ಪಿಸುಗುಡುತ್ತಾಳೆ: ‘ಮಾವ ನಿಂತಿದಾರೆ ನೋಡಿ, ಇನ್ನೇನು ಕಥೆ ಸಿಗುತ್ತೋ ಅಂತ.’ ಮಗ ರಿಮೋಟು ಎತ್ತಿಕೊಂಡು ಸದ್ದನ್ನು ಇನ್ನೂ ಎರಡು ಗೆರೆ ಇಳಿಸುತ್ತಾನೆ.